ತಂತಿಯೂ ನಕ್ಷೆಯೂ ಒಂದೇ ಮಾತು ಹೇಳಬೇಕು

1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿದಂದಿನಿಂದ ಚಿತ್ತಾಪುರ, ಸೇಡಂಗಳ ಬದುಕು ಹಳಿಯ ಸಂಕೇತಗಳಿಗೆ ಕಟ್ಟುಬಿದ್ದಿದೆ. ಶಹಾಬಾದಿನ ಕಲ್ಲಿಗೆ, ವಾಡಿಯ ಸಿಮೆಂಟಿಗೆ ಹೆಸರು ತಂದದ್ದೂ ರೈಲೇ. ಹಳಿಯನ್ನೇ ಕಾಣದ ಚಿಂಚೋಳಿಯವರೂ ಸೇಡಂಗೋ ತಾಂಡೂರಿಗೋ ಬಂದು ರೈಲು ಹತ್ತಬೇಕು. ಸ್ವದೇಶಿ 'ಕವಚ' ವ್ಯವಸ್ಥೆಯನ್ನು ಮೊದಮೊದಲು ಪ್ರಯೋಗಿಸಿದ ಮಾರ್ಗಗಳಲ್ಲಿ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿಯೂ ಒಂದು. ಹೆಮ್ಮೆ ಸಹಜ. ಆದರೆ ಕವಚವು ನಿಲ್ದಾಣದ ಇಂಟರ್‌ಲಾಕಿಂಗ್ ಕೊಟ್ಟ ಮಾಹಿತಿಯನ್ನು ನಂಬಿ ನಡೆಯುವಂಥದು. ಆ ಮಾಹಿತಿಯೇ ಸುಳ್ಳಾದರೆ?

ರೈಲ್ವೆ ಸಂಕೇತದ ಮೂಲಸೂತ್ರ ಸರಳ: ಯಂತ್ರ ಕೆಟ್ಟರೂ ಕೇಡಾಗದಂತೆ ಕೆಡಬೇಕು. ವಿದ್ಯುತ್ ಇರುವವರೆಗೆ ಮಾತ್ರ ರಿಲೇಯ ತೋಳು ಮೇಲೆದ್ದಿರುತ್ತದೆ. ತಂತಿ ಕಡಿದರೆ, ಬ್ಯಾಟರಿ ಬರಿದಾದರೆ ಅದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ, ದೀಪ ಕೆಂಪಾಗುತ್ತದೆ. ಹಳಿ ತುಂಡಾದರೂ ಬಹುಪಾಲು ಹೀಗೆಯೇ. ಈಗಿನ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್‌ನಲ್ಲಿ ಪ್ರತಿ ಕಾರ್ಡಿಗೂ ಒಂದು ವಿಳಾಸ. ತಪ್ಪು ಜಾಗದಲ್ಲಿ ಕೂತ ಕಾರ್ಡನ್ನು ವ್ಯವಸ್ಥೆ ಒಪ್ಪಬಾರದು. ಆದರೆ ಕಾರ್ಡಿನ ಹಿಂದಿನ ತಂತಿ ಹೊರಗೆ ಯಾವ ಪಾಯಿಂಟಿಗೆ ಹೋಗಿ ಸೇರಿದೆ ಎಂಬುದನ್ನು ವಿಳಾಸ ಹೇಳದು. ಕಡಿದ ತಂತಿಯನ್ನು ಸೂತ್ರ ಗುರುತಿಸುತ್ತದೆ. ತಪ್ಪು ಮೊಳೆಗೆ ಬಿಗಿದ ತಂತಿಗೆ ಅದು ಮೋಸಹೋಗುತ್ತದೆ.

ಕಂದಾಯ ಕಡತಗಳ ನಡುವೆ ವರ್ಷಗಳನ್ನು ಕಳೆದ ನನಗೆ ಇದು ಪರಿಚಿತ ರೋಗ. ಪಹಣಿಯಲ್ಲೊಬ್ಬ, ಹೊಲದಲ್ಲಿ ಮತ್ತೊಬ್ಬ. ಅಲ್ಲಿ ವ್ಯಾಜ್ಯ ನ್ಯಾಯಾಲಯದಲ್ಲಿ ಮುಗಿಯುತ್ತದೆ, ಇಲ್ಲಿ ಹಾಗಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್‌ಗೆ ಮುಖ್ಯಮಾರ್ಗದ ಹಸಿರು ತೋರಿತು, ಪಾಯಿಂಟ್ ಮಾತ್ರ ಲೂಪ್ ಹಳಿಯ ಕಡೆಗಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಹಿಂದೆಂದೋ ನಡೆದ ಸರ್ಕ್ಯೂಟ್ ಬದಲಾವಣೆಯ ಲೋಪ, ಗೇಟ್ ತಡೆಕಂಬ ಬದಲಿಸುವ ಕಾಮಗಾರಿಯ ಲೋಪ ಎರಡೂ ಸೇರಿ ಹೀಗಾಯಿತೆಂದು ಸುರಕ್ಷತಾ ಆಯುಕ್ತರ ತನಿಖೆ ಹೇಳಿತು.

ಎಚ್ಚರಿಕೆಯೂ ಇತ್ತು, ಅದೂ ನಮ್ಮ ರಾಜ್ಯದಿಂದಲೇ. ಅದೇ ವರ್ಷದ ಫೆಬ್ರುವರಿ 8ರಂದು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ತಿರುಗಲಿದ್ದುದನ್ನು ಲೋಕೋಪೈಲಟ್ ಕಂಡು ನಿಲ್ಲಿಸಿದ. ಲೊಕೇಷನ್ ಬಾಕ್ಸ್ ತೆರೆದು ವ್ಯವಸ್ಥೆಯನ್ನೇ ಬದಿಗೊತ್ತುವ ಪರಿಪಾಠದ ಬಗ್ಗೆ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವುದಿಷ್ಟು: ರೈಲು ತಡವಾದ ನಿಮಿಷಗಳಿಗೆ ಲೆಕ್ಕವಿದೆ, ನಡೆಸದೆ ಬಿಟ್ಟ ಪರೀಕ್ಷೆಗೆ ಲೆಕ್ಕವಿಲ್ಲ. ಸಂಕೇತ ಕಳಚಿದ ಅವಧಿಯ ವಿಳಂಬವನ್ನು ವಿಭಾಗದ ಸಮಯಪಾಲನೆಯ ಲೆಕ್ಕದಿಂದ ಕೈಬಿಡಬೇಕು. ಪ್ರತಿ ಪಾಯಿಂಟನ್ನೂ ತಿರುಗಿಸಿ, ಹಳಿಯ ಬಳಿ ನಿಂತು ನೋಡಿ, ಕಾಮಗಾರಿ ಮಾಡಿದವನಲ್ಲದ ಬೇರೊಬ್ಬ ಸಹಿ ಹಾಕುವವರೆಗೂ ಸಂಕೇತವನ್ನು ಮರಳಿ ಒಪ್ಪಿಸಬಾರದು. ಮಧ್ಯ ರೈಲ್ವೆಯೂ ದಕ್ಷಿಣ ಮಧ್ಯ ರೈಲ್ವೆಯೂ ಕೈಕುಲುಕುವ ವಾಡಿಯಂಥ ಕೂಡುನಿಲ್ದಾಣದಿಂದಲೇ ಇದು ಆರಂಭವಾಗಲಿ. ತನಿಖಾ ವರದಿಗಳನ್ನು ಪೂರ್ಣವಾಗಿ ಪ್ರಕಟಿಸಬೇಕು: ಬಹನಾಗಾ ವರದಿಯ ಸಾರ ರಾಜ್ಯಸಭೆಗೆ ದೊರೆತದ್ದು 2023ರ ಜುಲೈನಲ್ಲಿ, ಅದೂ ಸದಸ್ಯರು ಪ್ರಶ್ನೆ ಕೇಳಿದ ಮೇಲೆ.