ಗುಡ್ಡೆ ಕಡಿದವರು ಲೆಕ್ಕ ಕೊಡಲಿ

ಮಸ್ಕತ್‌ನಿಂದ ರಜೆಗೆ ಬಂದ ಅಳಿಯನಿಗೆ ಮನೆ ಕಟ್ಟಲು ಹತ್ತು ಸೆಂಟ್ಸ್ ಜಾಗ ಬೇಕಿತ್ತು. ಮಂಗಳೂರು ಪೇಟೆಯೊಳಗೆ ಅದು ಕೈಗೆಟಕುವ ಮಾತಲ್ಲ. ವಾಮಂಜೂರು, ಗುರುಪುರ, ಹಳೆಯಂಗಡಿ, ಕೊಣಾಜೆ, ಮುಡಿಪು ಅಂತ ಊರೂರು ತಿರುಗಿದೆವು. ದೇರಳಕಟ್ಟೆಯಿಂದ ಆಚೆ ಒಂದು ಲೇಔಟಿನಲ್ಲಿ ಬ್ರೋಕರ್ ಕಾರಿನಿಂದ ಇಳಿದವನೇ ಕೈಬೀಸಿ ತೋರಿಸಿದ: "ನೋಡಿ ಸರ್, ಲೆವೆಲ್ ಜಾಗ. ಪಾಯ ಹಾಕುವುದೊಂದೇ ಬಾಕಿ."

ಲೆವೆಲ್ ಹೌದು. ಅರ್ಧ ಗುಡ್ಡೆ ತಿಂದು ಮಾಡಿದ ಲೆವೆಲ್. ಹಿಂದೆ ಮೂವತ್ತು ಅಡಿ ಎತ್ತರಕ್ಕೆ ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಹತ್ತಿರ ಹೋಗಿ ನಿಂತೆ. ಮೇಲೆ ಏಳೆಂಟು ಅಡಿ ಮುರಕಲ್ಲು, ಅದರಡಿ ಹಳದಿ ಮಣ್ಣು, ಅದಕ್ಕೂ ಕೆಳಗೆ ಬಿಳಿಗೆ ಗುಲಾಬಿ ಬೆರೆತಂಥ ಶೇಡಿ ಮಣ್ಣು. ಬೆರಳು ತಾಗಿಸಿದರೆ ಅಕ್ಕಿಹಿಟ್ಟಿನ ಹಾಗೆ ಉದುರಿತು. ಬುಡದಲ್ಲಿ ಒಂದು ಕಡೆ ಏಪ್ರಿಲ್ ಬಿಸಿಲಲ್ಲೂ ನೀರು ಜಿನುಗುತ್ತಿತ್ತು. ಅಲ್ಲಿ ಬೆರಳು ಗಂಟಿನವರೆಗೆ ಒಳಗೆ ಇಳಿಯಿತು.

ನಮ್ಮ ಕರಾವಳಿಯ ಗುಡ್ಡೆಗಳ ಗುಟ್ಟು ಇಷ್ಟೇ. ಮೇಲಿನ ಮುರಕಲ್ಲು ನೀರನ್ನು ಒಳಕ್ಕೆ ಬಿಡುತ್ತದೆ. ಕೆಳಗಿನ ಶೇಡಿ ಅದನ್ನು ಬೇಗ ಬಿಟ್ಟುಕೊಡುವುದಿಲ್ಲ, ನೆನೆಯುತ್ತ ನೆನೆಯುತ್ತ ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರು ಇಳಿಜಾರಾಗಿಯೇ ಇದ್ದು, ಮೇಲೆ ಮರಗಿಡ ಇದ್ದರೆ ಗುಡ್ಡೆ ನೂರು ಮಳೆಗಾಲ ತಾಳಿಕೊಳ್ಳುತ್ತದೆ. ಕಾಲು ಕಡಿದು ನಿಲ್ಲಿಸಿದರೆ ಎಷ್ಟು ದಿನ ನಿಂತೀತು? ಇಲ್ಲಿ ವರ್ಷಕ್ಕೆ ಸುರಿಯುವುದು ಮೂರೂವರೆ ಮೀಟರಿನಷ್ಟು ಮಳೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಕಡಿದ ಮಣ್ಣು ಎಲ್ಲಿಗೆ ಹೋಯಿತು? ಕೆಳಗಿನ ಬೈಲಿಗೆ. ಒಂದು ಜೆಸಿಬಿ, ನಾಲ್ಕು ಟಿಪ್ಪರ್ ಇದ್ದರೆ ಒಂದೇ ವಾರದಲ್ಲಿ ಎರಡು ಕೊಲೆ: ಮೇಲೆ ಗುಡ್ಡೆ, ಕೆಳಗೆ ಗದ್ದೆ. ನಮ್ಮ ಹಿರಿಯರು ಗದ್ದೆಗೆ ಬೈಲು, ಮಜಲು, ಬೆಟ್ಟು ಅಂತ ಮೂರು ಹೆಸರಿಟ್ಟದ್ದು ನೀರು ನೋಡಿ. ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ. ಮನೆ ಕಟ್ಟಿದ್ದು ನೀರಿಗಿಂತ ಮೇಲೆ, ಗದ್ದೆಯಂಚಿನ ಗಟ್ಟಿ ನೆಲದಲ್ಲಿ. ಕೊಡಿಯಾಲ್‌ಬೈಲ್, ಕುಂಜತ್ತಬೈಲ್, ಪದವಿನಂಗಡಿ, ಬೆಂಗ್ರೆ: ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲುನೆಲ, ಎಲ್ಲಿ ಬರೀ ಮರಳು ಅನ್ನುವುದನ್ನು ಹೆಸರೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳದೆ ತೋಡುಗಳನ್ನು ಪೈಪಿಗೆ ತುರುಕಿದ್ದರ ಫಲವನ್ನು 2018ರ ಮೇ 29ರಂದು ಇಡೀ ಪೇಟೆ ಕಂಡಿತು. ಅವತ್ತು ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ಹೊಳೆ.

ಆಮೇಲಾದರೂ ಬುದ್ಧಿ ಬಂತೇ? 2020ರ ಜುಲೈಯಲ್ಲಿ ಗುರುಪುರದ ಬಂಗ್ಲೆಗುಡ್ಡೆ ಜರಿದು ಇಬ್ಬರು ಮಕ್ಕಳು ಸತ್ತರು. 2024ರ ಜೂನ್‌ನಲ್ಲಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡು ಬಿದ್ದು ಒಂದೇ ಮನೆಯ ನಾಲ್ವರು ಸತ್ತರು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡೆ ಕುಸಿದು ಅಜ್ಜಿ, ಇಬ್ಬರು ಪುಟ್ಟ ಮೊಮ್ಮಕ್ಕಳು ಸತ್ತರು. ಪ್ರತಿ ಸಲವೂ ಮಂತ್ರಿಗಳು ಬರುತ್ತಾರೆ, ಪರಿಹಾರದ ಚೆಕ್ ಕೊಡುತ್ತಾರೆ, "ಪ್ರಾಕೃತಿಕ ವಿಕೋಪ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಳೆ ಹೊಸತೇ? ಗುಡ್ಡೆಯ ಬುಡಕ್ಕೆ ಬಕೆಟ್ ಹಾಕಿದ್ದು ಪ್ರಕೃತಿಯೇ?

ಜಾಗ ಕೊಳ್ಳುವವರು ನೋಡಿ ಕೊಳ್ಳಬೇಕು ಅನ್ನುತ್ತಾರೆ. ನೋಡಿ ಕೊಂಡವರ ಗತಿ ಏನಾಯಿತು? 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಮಂದಾರದ ತೆಂಗು, ಕಂಗಿನ ತೋಟಗಳನ್ನು ಮುಚ್ಚಿತು, ಮನೆಗಳನ್ನು ಮುಚ್ಚಿತು. ಅಲ್ಲಿದ್ದವರು ಒಳ್ಳೆಯ ನೀರು, ಒಳ್ಳೆಯ ಮಣ್ಣು ನೋಡಿಯೇ ಬೇರು ಬಿಟ್ಟವರು. ನಗರದ ಕಸವನ್ನು ತಮ್ಮ ತಲೆಯ ಮೇಲೆ ಪೇರಿಸಿ ಅಂತ ಅವರು ಕೇಳಿರಲಿಲ್ಲ.

ತಲಪಾಡಿ ಗಡಿ ದಾಟಿದರೆ ಕೇರಳ. ಅಲ್ಲಿ ಗದ್ದೆ ಮತ್ತು ಜೌಗು ನೆಲ ಉಳಿಸಲೆಂದೇ 2008ರಿಂದ ಕಾನೂನು ಇದೆ. ಈಚೆ ನಾವು 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನೇ ಕಿತ್ತುಹಾಕಿ, ಬೇಸಾಯ ಮಾಡದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದೆವು. ನಕ್ಷೆಯಲ್ಲಿ ತೋಡು ಇರುವಾಗಲೇ ಕನ್ವರ್ಷನ್‌ಗೆ ರುಜು ಬೀಳುತ್ತದೆ. ರುಜು ಹಾಕಿದವರು ಮಳೆಗಾಲದಲ್ಲಿ ಒಮ್ಮೆ ಆ ಜಾಗದಲ್ಲಿ ನಿಂತಿದ್ದಾರೆಯೇ? ಕಡಿತದ ಕೆಳಗೆ ಯಾರ ಮನೆ ಇದೆ ಎಂದು ಕೇಳಿದ್ದಾರೆಯೇ? ನೆಟ್ಟಗೆ ಗುಡ್ಡೆ ಕಡಿದವನ ಮೇಲೆ, ಅದಕ್ಕೆ ಒಪ್ಪಿಗೆ ಕೊಟ್ಟವರ ಮೇಲೆ ಕೇಸು ಹಾಕಿ. ತಡೆಗೋಡೆಯ ಖರ್ಚು, ಸತ್ತವರ ಪರಿಹಾರ ಅವರ ಕಿಸೆಯಿಂದ ಬರಲಿ, ನಮ್ಮ ತೆರಿಗೆಯಿಂದಲ್ಲ. ಮಣ್ಣು ತುಂಬಿದ ತೋಡನ್ನು ತುಂಬಿದವರೇ ಬಿಡಿಸಲಿ, ಅದೂ ಜೂನ್ ಬರುವ ಮೊದಲು.

ಅಳಿಯ "ಬೇಡ ಮಾವ, ಹೋಗುವ" ಅಂದ. ಬ್ರೋಕರ್ ರೇಟು ಇಳಿಸುತ್ತ ಹಿಂದೆಯೇ ಬಂದ. ಲೇಔಟಿನ ಅಂಚಿನಲ್ಲಿ ತುಂಬಿದ ಮಣ್ಣಿನ ಕೆಳಗೆ ಒಂದು ಹಂಚಿನ ಮನೆ ಕಂಡಿತು. ಸಡಿಲ ಮಣ್ಣಿನ ರಾಶಿ ಅದರ ಹಿಂಗೋಡೆಗೆ ಹತ್ತು ಮಾರು ದೂರದಲ್ಲಿ ಬಂದು ನಿಂತಿತ್ತು. ಅಂಗಳದಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸು ಬಾವಿ ತೋರಿಸಿದರು. ಕಳೆದ ಮಳೆಗಾಲದಿಂದ ನೀರು ಹಾಲಿನ ಬಣ್ಣಕ್ಕೆ ತಿರುಗಿದೆಯಂತೆ. ಪಂಚಾಯತಿಗೆ ಎರಡು ಸಲ ಅರ್ಜಿ ಕೊಟ್ಟಿದ್ದಾರೆ.

"ಮಳೆ ಹಿಡಿದ ಮೇಲೆ ಏನು ಮಾಡ್ತೀರಿ ಅಕ್ಕ?" ಅಂತ ಕೇಳಿದೆ.

"ಹಿಂದಿನ ಕೋಣೆಗೆ ಬೀಗ ಹಾಕಿ ಚಾವಡಿಯಲ್ಲೇ ಮಲಗುವುದು. ಮಕ್ಕಳನ್ನು ತಂಗಿಯ ಮನೆಗೆ ಕಳಿಸ್ತೇನೆ."