ಮೆಟಲ್ ಡಿಟೆಕ್ಟರ್ ಕೊಳ್ಳೋ ಮೊದಲು ಇಷ್ಟು ಓದ್ಕೊಳ್ರಿ

ಎಳ್ಳ ಅಮಾವಾಸ್ಯೆ ಮುಗಿದ ವಾರ ನಮ್ಮ ಕಡೆ ಯಾವುದಾದರೂ ಒಂದು ಮನೆಯಲ್ಲಿ ಈ ಮಾತು ಬಂದೇ ಬರುತ್ತೆ: "ಚರಗ ಚೆಲ್ಲಾಕ ಹೋದಾಗ ಹೊಲದಾಗ ಉಂಗುರ ಬಿತ್ತು ನೋಡ್ರಿ." ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಕೆಲಸ ಮಾಡುವವರಿಗೆ ಈಗ ಇದಕ್ಕೊಂದು ಉತ್ತರ ಫೋನಿನಲ್ಲೇ ಕಾಣಿಸುತ್ತಿದೆ. ರೀಲ್ಸ್‌ನಲ್ಲಿ ಒಬ್ಬ ವಿದೇಶಿ ಹೊಲದಲ್ಲಿ ಕೋಲಿನಂಥ ಮಷಿನ್ ಆಡಿಸ್ತಾನೆ, "ಪೀಂ" ಅನ್ನುತ್ತೆ, ನಾಣ್ಯ ಸಿಗುತ್ತೆ. ನಾವೂ ಒಂದು ಆರ್ಡರ್ ಮಾಡಿದರೆ ಹೇಗೆ?

ಮಾಡಬಹುದು. ಆದರೆ ಯಾವುದನ್ನು ಹುಡುಕೋಕೆ ಅನ್ನೋದು ಮೊದಲು ಗೊತ್ತಿರಬೇಕು. ಕಳೆದುಹೋದದ್ದನ್ನು ಹುಡುಕಲು ಈ ಮಷಿನ್ ಒಳ್ಳೆಯ ಸಾಧನ. ನಿಧಿ ಹುಡುಕಲು ಹೊರಟರೆ ಅದೇ ಮಷಿನ್ ನಿಮ್ಮನ್ನು ಪೊಲೀಸ್ ಠಾಣೆಗೂ ಒಯ್ಯಬಹುದು.

ಮಷಿನ್ ಏನು ಮಾಡುತ್ತೆ?

ಕೆಳಗಿನ ದುಂಡನೆಯ ಕಾಯಿಲ್ ನೆಲದೊಳಗೆ ಕಾಂತಕ್ಷೇತ್ರ ಬಿಡುತ್ತೆ. ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಹುಟ್ಟಿ, ಅದರ ಪ್ರತಿಧ್ವನಿ ಕಾಯಿಲ್‌ಗೆ ವಾಪಸ್ ಬರುತ್ತೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನ್‌ನ ಗ್ರಹಾಂ ಬೆಲ್ ಇದೇ ತತ್ವದ ಯಂತ್ರ ತಂದಿದ್ದರು. ಗುಂಡು ಸಿಗಲಿಲ್ಲ; ಮಂಚದ ಹಾಸಿಗೆಯ ಲೋಹದ ಸ್ಪ್ರಿಂಗ್‌ಗಳೇ ಅಡ್ಡಿಯಾದವು ಅಂತಾರೆ. ಇಂದಿಗೂ ಹೊಸಬರ ದೊಡ್ಡ ಕಷ್ಟ ಅದೇ: ಬೇಕಾದ ಲೋಹದ ಸುತ್ತ ಬೇಡವಾದ ಲೋಹ.

ಉಂಗುರ, ನಾಣ್ಯದಂಥ ವಸ್ತು ಸಾಧಾರಣ ಮಷಿನ್‌ಗೆ ಒಂದು ಗೇಣಿನಷ್ಟು ಆಳದವರೆಗೆ ಸಿಗುತ್ತೆ. "ಇಪ್ಪತ್ತು ಅಡಿ ಆಳದ ಬಂಗಾರ ತೋರಿಸುತ್ತೆ" ಅನ್ನುವ ಜಾಹೀರಾತು ಕಂಡರೆ ಮುಂದೆ ಸ್ಕ್ರೋಲ್ ಮಾಡಿ. ಎರಡು ಕಡ್ಡಿ ಹಿಡಿದು ದೂರದಿಂದಲೇ ಬಂಗಾರದ ದಿಕ್ಕು ತೋರಿಸ್ತೀವಿ ಅನ್ನುವ ಉಪಕರಣಗಳಂತೂ ಶುದ್ಧ ಮೋಸ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಅನ್ನೋನು ಇಂಥದ್ದೇ ಆಂಟೆನಾ ಕಡ್ಡಿಯ ಉಪಕರಣವನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದ್ದ. ಅದರ ಮೂಲ, ಕಳೆದ ಗಾಲ್ಫ್ ಚೆಂಡು ಹುಡುಕುವ ಹೆಸರಿನ ಒಂದು ಆಟಿಕೆ. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು.

ಏನೇನು ಬೇಕು?

*ವಿಎಲ್‌ಎಫ್ ಮಾದರಿಯ ಡಿಟೆಕ್ಟರ್.* ಕಲಿಯುವವರಿಗೆ ಇದೇ ಸಾಕು. ಎರಡು ಸೌಲಭ್ಯ ಇರಲೇಬೇಕು. ಒಂದು ಗ್ರೌಂಡ್ ಬ್ಯಾಲೆನ್ಸ್: ಆಳಂದ, ಅಫಜಲಪುರದ ಎರೆ ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು, ಅದರೊಳಗೇ ಕಬ್ಬಿಣದ ಖನಿಜ ಇದೆ. ಈ ಸೌಲಭ್ಯ ಇಲ್ಲದ ಅಗ್ಗದ ಮಷಿನ್ ನೆಲಕ್ಕೇ ಕೂಗುತ್ತಾ ಕೂರುತ್ತೆ. ಇನ್ನೊಂದು ಡಿಸ್ಕ್ರಿಮಿನೇಷನ್, ಅಂದರೆ ಕಬ್ಬಿಣದ ಸದ್ದನ್ನು ಬೇರೆ ಮಾಡೋದು. ಹೊಲದಲ್ಲಿ ಮೊಳೆ, ತಂತಿ, ಟ್ರ್ಯಾಕ್ಟರ್ ಬೋಲ್ಟು ಎಷ್ಟಿರುತ್ತೆ ಅಂತ ನಿಮಗೇ ಗೊತ್ತು.

*ಪಿನ್‌ಪಾಯಿಂಟರ್.* ಬ್ಯಾಟರಿ ಗಾತ್ರದ ಕೈ ಕೋಲು. ದೊಡ್ಡ ಕಾಯಿಲ್ "ಇಲ್ಲೆಲ್ಲೋ ಇದೆ" ಅನ್ನುತ್ತೆ, ಇದು "ಇಲ್ಲೇ" ಅನ್ನುತ್ತೆ. ಹೆಂಟೆಯೊಳಗೆ ಸಿಕ್ಕ ಬೆಂಡೋಲೆಯನ್ನು ಬರಿಗಣ್ಣಿಗೆ ಹುಡುಕೋದು ಕಷ್ಟ. ದುಡ್ಡು ಸ್ವಲ್ಪವೇ ಇದ್ದರೆ ಡಿಟೆಕ್ಟರ್ ಸಾದಾದ್ದು ತಗೊಂಡು ಇದನ್ನು ಸೇರಿಸಿಕೊಳ್ಳಿ.

*ಹೆಡ್‌ಫೋನ್.* ಸಣ್ಣ ವಸ್ತುವಿನ ಸದ್ದೂ ಸಣ್ಣದು, ಗಾಳಿಯಲ್ಲಿ ಕೇಳಿಸೋಲ್ಲ.

*ಖುರ್ಪಿ, ಕೈಗವಸು, ಎರಡು ಚೀಲ.* ಸಲಿಕೆ ಬೇಡ; ಬೀಸಿದರೆ ಉಂಗುರವೇ ತುಂಡಾಗಬಹುದು. ಒಂದು ಚೀಲ ಸಿಕ್ಕ ವಸ್ತುವಿಗೆ, ಇನ್ನೊಂದು ಕಸಕ್ಕೆ. ಸಿಕ್ಕ ಮೊಳೆಯನ್ನು ಮತ್ತೆ ಹೊಲಕ್ಕೇ ಎಸೆದರೆ ನಾಳೆ ಅದು ಯಾರದೋ ಕಾಲಿಗೆ, ಇಲ್ಲವೇ ಟ್ರ್ಯಾಕ್ಟರ್ ಟೈರಿಗೆ.

*ಹಗ್ಗ ಮತ್ತು ನಾಲ್ಕು ಗೂಟ.* ಕುಳಿತು ಊಟ ಮಾಡಿದ ಜಾಗವನ್ನು ಪಟ್ಟಿ ಪಟ್ಟಿಯಾಗಿ ಗುರುತು ಮಾಡಿ, ಬಿತ್ತೋ ಸಾಲಿನ ಹಾಗೆ ಸಾಲು ಹಿಡಿದು ನಡೆಯಿರಿ. ಕಾಯಿಲ್ ನೆಲಕ್ಕೆ ಸಮನಾಗಿ, ನಿಧಾನಕ್ಕೆ ಆಡಿಸಿ. ಹೊಸಬರು ಸೋಲೋದು ಅವಸರದಿಂದ.

ಮನೆ ಅಂಗಳದಲ್ಲಿ ಅಭ್ಯಾಸ

ಹೊಲಕ್ಕೆ ಹೋಗೋ ಮೊದಲು ಒಂದು ಬೆಳ್ಳಿ ಕಾಲುಂಗುರ, ಒಂದು ನಾಣ್ಯ, ಒಂದು ಮೊಳೆ, ಮಾತ್ರೆಯ ಅಲ್ಯೂಮಿನಿಯಂ ಹಾಳೆಯ ಒಂದು ಚೂರು ಇವನ್ನು ನಾಲ್ಕು ಬೆರಳು ಆಳದಲ್ಲಿ ಹೂತು ಸದ್ದು ಕೇಳಿ. ಒಂದು ರೂಪಾಯಿ ನಾಣ್ಯ ಮಾತ್ರ ನಿಮ್ಮನ್ನು ಗೊಂದಲಕ್ಕೆ ತಳ್ಳುತ್ತೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಆಯಸ್ಕಾಂತಕ್ಕೆ ಅಂಟುವ ಸ್ಟೀಲಿನವು. ಕಬ್ಬಿಣ ಬೇಡ ಅಂತ ಸೆಟ್ ಮಾಡಿದರೆ ಮಷಿನ್ ಅವನ್ನೂ ಬಿಟ್ಟುಬಿಡಬಹುದು. ಸಣ್ಣ ಬಂಗಾರದ ಉಂಗುರ ಮತ್ತು ಮಾತ್ರೆ ಹಾಳೆಯ ಸದ್ದು ಹತ್ತಿರ ಹತ್ತಿರ. ಹಾಗಾಗಿ ಬಂಗಾರ ಹುಡುಕುವವರು ಕಸದ ಸದ್ದನ್ನೂ ಅಗೆದು ನೋಡಲೇಬೇಕು. ತೆಳು ಎಳೆಯ ಸರಕ್ಕಿಂತ ಉಂಗುರ ಬೇಗ ಸಿಗುತ್ತೆ, ಯಾಕಂದ್ರೆ ಅದು ಪೂರ್ತಿ ಮುಚ್ಚಿದ ಸುತ್ತು. ಸರ ಹುಡುಕುವಾಗ ತಾಳಿಬಟ್ಟಲಿನ ಸದ್ದೇ ಆಸರೆ.

ಕಾಲವೂ ಮುಖ್ಯ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟಾಗ ಸಣ್ಣ ವಸ್ತು ಬಿರುಕಿನೊಳಗೆ ಜಾರಿ ಗೇಣಿನ ಆಚೆ ಹೋಗುತ್ತೆ. ಮಳೆಗಾಲದಲ್ಲಿ ಕಾಲೇ ಕಿತ್ತಿಡೋಕೆ ಆಗೋಲ್ಲ. ಉಂಗುರ ಕಳೆದರೆ ಅದೇ ವಾರ, ಮತ್ತೆ ಹರಗುವ ಮುಂಚೆ ಹುಡುಕಿ. ಬಿದ್ದ ಜಾಗದ ಲೊಕೇಶನ್ ಅನ್ನು ಫೋನಿನಲ್ಲಿ ಕೂಡಲೇ ಉಳಿಸಿಕೊಳ್ಳಿ.

ಎಲ್ಲಿ ಹುಡುಕಬಾರದು?

ರೀಲ್ಸ್‌ನ ಆ ಮನುಷ್ಯ ಬಹುಶಃ ಇಂಗ್ಲೆಂಡಿನವನು. ಅಲ್ಲಿ ಹೊಲದ ಮಾಲೀಕರ ಒಪ್ಪಿಗೆ ಇದ್ದರೆ ಇದು ಹವ್ಯಾಸ. ನಿಧಿ ಸಿಕ್ಕರೆ ತಿಳಿಸಬೇಕು, ಬಹುಮಾನವೂ ಇದೆ. 2009ರಲ್ಲಿ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಹವ್ಯಾಸಿಯೊಬ್ಬರಿಗೆ ಐದು ಕಿಲೋಗೂ ಹೆಚ್ಚು ಬಂಗಾರವಿದ್ದ ನಿಧಿ ಸಿಕ್ಕಿದ್ದು ಹಾಗೆ. ನಮ್ಮಲ್ಲಿ ಲೆಕ್ಕ ಬೇರೆ. ಭೂಮಿಯೊಳಗೆ ನಿಧಿ ಸಿಕ್ಕರೆ, ಅದು ನಿಮ್ಮದೇ ಹೊಲವಾದರೂ, 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ, ಮೂರ್ತಿಗಳಿಗೆ 1972ರ ಪುರಾವಸ್ತು ಕಾಯ್ದೆ ಇದೆ. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆದರೆ ಅಪರಾಧ. ಹಾಳು ಗುಡಿ, ಕೋಟೆ, ದರ್ಗಾ, ಹಳೆ ಊರಿನ ದಿಬ್ಬ ಇಲ್ಲೆಲ್ಲ ಮಷಿನ್ ಚೀಲದಿಂದ ಹೊರಗೇ ತೆಗೀಬೇಡಿ. ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವಾಗ ಭೀಮಾ ದಂಡೆಯಲ್ಲಿ ಸಿಗುವ ಫಿರೋಜಾಬಾದ್‌ನ ಬಹಮನಿ ಕೋಟೆಯಾದರೂ ಅಷ್ಟೇ.

ಕಾಯ್ದೆಯ ಭಯ ಒಂದು ಕಡೆ ಇರಲಿ, ಇನ್ನೊಂದು ಕಾರಣ ಹೇಳ್ತೀನಿ. ಅದೇ ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಂತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿತು, ಶಾತವಾಹನರ ಸೀಸದ ನಾಣ್ಯಗಳೂ ಸಿಕ್ಕವು. ಸೀಸವನ್ನು ಗುಜರಿಗೆ ಹಾಕಿದರೆ ಚಹಾಕ್ಕೂ ಸಾಲದು. ಅದೇ ನಾಣ್ಯ ಯಾವ ಪದರದಲ್ಲಿ, ಯಾವ ಕಲ್ಲಿನ ಪಕ್ಕದಲ್ಲಿತ್ತು ಅಂತ ಗೊತ್ತಾದರೆ ಆ ಸ್ತೂಪ ಯಾರ ಕಾಲದ್ದು ಅಂತ ಹೇಳುತ್ತೆ. ರಾತ್ರಿ ಗುಡಿ ಅಗೆಯುವವರು ಬಂಗಾರಕ್ಕಾಗಿ ಲಿಂಗ ಕಿತ್ತು, ಇಂಥ ಸೀಸ, ತಾಮ್ರವನ್ನು ಮಣ್ಣಿನ ಜೊತೆ ಚೆಲ್ಲಿ ಹೋಗ್ತಾರೆ. ಊರಿನ ಚರಿತ್ರೆ ಅಲ್ಲಿಗೆ ಮುಗೀತು.

ಮಷಿನ್ ಹಿಡಿದು ಹೊಲದಲ್ಲಿ ನಿಂತರೆ ಸಂಜೆಯೊಳಗೆ "ಸಾಹುಕಾರರ ಹೊಲದಾಗ ನಿಧಿ ಐತಂತ" ಅಂತ ಸುದ್ದಿ ಹಬ್ಬುತ್ತೆ ಅನ್ನೋದೂ ನೆನಪಿರಲಿ. ಹಾಗಾಗಿ ಹಗಲಲ್ಲೇ ಹೋಗಿ. ಹೊಲದವರನ್ನು ಜೊತೆಗೇ ನಿಲ್ಲಿಸಿಕೊಳ್ಳಿ, ಏನು ಹುಡುಕ್ತಿದ್ದೀರಿ ಅಂತ ಅಕ್ಕಪಕ್ಕದವರಿಗೆ ಬಾಯಿಬಿಟ್ಟು ಹೇಳಿ. ಅಗೆದ ಕುಣಿ ಮುಚ್ಚಿ.

ಹುಡುಕುವಾಗ ಅಕಸ್ಮಾತ್ ಹಳೆಯದೇನಾದರೂ ಕಂಡರೆ ಅಲ್ಲೇ ನಿಲ್ಲಿಸಿ. ತೊಳೀಬೇಡಿ, ಉಜ್ಜಬೇಡಿ. ಇದ್ದಲ್ಲೇ ಒಂದು ಫೋಟೋ, ಒಂದು ಲೊಕೇಶನ್ ತೆಗೆದು ತಹಶೀಲ್ದಾರ್ ಕಚೇರಿಗೆ ತಿಳಿಸಿ, ಜಿಲ್ಲಾಧಿಕಾರಿಗೆ ಬರೆದುಕೊಡಿ, ಬರೆದದ್ದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಉಂಗುರ ಸಿಕ್ಕರೆ ಮಾತ್ರ ಯಾರನ್ನೂ ಕೇಳೋದು ಬೇಡ, ಸೀದಾ ಮನೆಗೆ ಒಯ್ದು ಅವ್ವನ ಕೈಗೆ ಕೊಡಿ.