ಗುಡ್ಡ ಇಳಿಯೋ ಸೈಕಲ್ಲು, ನನ್ನ ಕೈಯಾಗಿನ ಫೋನು

ಈ ಸಲ ಪುಂಡಿಪಲ್ಯದ ಸುದ್ದಿ ಇಲ್ರೆವಾ, ಸೈಕಲ್ ಸುದ್ದಿ. ಅದೂ ಗುಡ್ಡದ ಮ್ಯಾಲಿಂದ ಕಲ್ಲು-ಮಣ್ಣಿನ ದಾರಿಯಾಗ ಕೆಳಗ ಬಿಡೋ ಸೈಕಲ್ಲಿಂದು. "ಈ ವಯಸ್ಸಿನಾಗ ಇಕಿಗೇನಾಯ್ತು" ಅಂತ ನಗೋರು ನಗ್ರಿ, ಆದರ ಕಡಿತನಕ ಓದಿ ನಗ್ರಿ.

ದೀಪಾವಳಿಗೆ ವನದುರ್ಗದಿಂದ ತವರುಮನಿ ಸುರಪುರಕ್ಕ ಹೋಗಿದ್ದೆ. ಸುರಪುರ ನಿಮಗ ಗೊತ್ತೇ ಅದ, ಎತ್ತ ನೋಡಿದ್ರೂ ಗುಡ್ಡ. ಬೆಂಗಳೂರಾಗ ಓದೋ ಅಣ್ಣನ ಮಗಳು ತನ್ನ ಗೇರ್ ಸೈಕಲ್ ತಂದಿದ್ಲು. ದಪ್ಪ ಗಾಲಿ, ಮುಂದ ಶಾಕ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್. "ಅತ್ತಿ, ನಾ ಗುಡ್ಡ ಇಳಿಯೋ ಫೋಟೋ ತಗೀಬೇಕು ಬಾ" ಅಂದ್ಲು. ಅವ್ವ ಹೊರಸಿನ ಮ್ಯಾಲ ಕುಂತಲ್ಲೇ, "ಹೆಣ್ಣುಡುಗಿ ಕೈಕಾಲು ಮುರ್ಕೊಂಡ್ರ ಯಾರು ಮಾಡ್ಕೋತಾರ?" ಅಂದ್ಲು. ವೈನಿ ನನ್ನ ಮುಖ ನೋಡಿದ್ರು. ಖರೇ ಹೇಳ್ತೀನಿ, ನಾ ಹೋಗಿದ್ದು ಫೋಟೋ ತಗ್ಯಾಕ ಅಲ್ಲ. ಬುದ್ಧಿ ಹೇಳಿ ತಿರುಗಿ ಕರ್ಕೊಂಡು ಬರಾಕ.

ಮೊದಲನೇ ಸಲ ಅಕಿ ಬಂದ್ಲು, ಹೋದ್ಲು. ಫೋನಿನಾಗ ಬರೇ ಧೂಳು. ಎರಡನೇ ಸಲ ಹಿಂದಿನ ಗಾಲಿ ಅರ್ಧ. ಮೂರನೇ ಸಲ ನನ್ನ ಹೆಬ್ಬಟ್ಟು! ಅಕಿ ಸೈಕಲ್ ನೂಕ್ಕೊಂಡು ಮ್ಯಾಲ ಬಂದು, "ಅತ್ತಿ, ಸೈಕಲ್ ಬೆನ್ನು ಹತ್ತಬ್ಯಾಡ. ನಾ ಎಲ್ಲಿ ಬರ್ತೀನಿ ಅಂತ ಮೊದಲ ನೋಡಿಟ್ಕೊ. ಆ ಜಾಗಕ್ಕ ಫೋನ್ ಹಿಡಿ. ನಾ ಬರೋಕಿಂತ ಮುಂಚೆ ಒತ್ತು, ಬೆರಳು ತಗೀಬ್ಯಾಡ. ನನ್ನ ಜೋಡಿ ಫೋನೂ ತಿರುಗಲಿ" ಅಂತ ಹೇಳಿಕೊಟ್ಲು.

ಎಲ್ಲಿ ಬರ್ತಾಳ ಅಂತ ಗೊತ್ತಾಗಬೇಕಂದ್ರ ಆ ದಾರಿ ನಾನೇ ನಡೆದು ನೋಡಬೇಕಾಯ್ತು. ಇಲ್ಲಿ ಸಡಿಲ ಕಲ್ಲು ಅವ, ಇಲ್ಲಿಂದ ಬರಂಗಿಲ್ಲ. ಇಲ್ಲಿ ನೀರು ಕೊರೆದ ಕೊರಕಲು ಅದ, ಎಡಕ್ಕ ಸರೀತಾಳ. ಈ ಬಂಡಿ ಮುಂದ ಬ್ರೇಕ್ ಹಿಡೀತಾಳ, ದಾಟಿದ ಮ್ಯಾಲ ಬಿಡ್ತಾಳ. ಅಲ್ಲಿತನಕ "ಬಿದ್ಲು, ಬಿದ್ಲು" ಅಂತಿದ್ದ ನನ್ನ ಎದಿ, ದಾರಿ ಓದಾಕ ಕಲ್ತ ಮ್ಯಾಲ ಸುಮ್ಮಾಯ್ತು. ಅಕಿ ಹುಚ್ಚು ಹಿಡಿದು ಬರ್ತಿರಲಿಲ್ಲ, ಲೆಕ್ಕ ಹಾಕಿ ಬರ್ತಿದ್ಲು. ಸೀಟು ತಗ್ಗಿಸಿದ್ಲು, ಪೆಡಲ್ ಮ್ಯಾಲ ಎದ್ದು ನಿಂತು ನಡು ಹಿಂದಕ್ಕ ಸರಿಸಿದ್ಲು, ಮೊಣಕೈ ಸಡಿಲ ಬಿಟ್ಟಿದ್ಲು. ಕಣ್ಣು ಗಾಲಿ ಕೆಳಗಿನ ಕಲ್ಲಿನ ಮ್ಯಾಲ ಇಲ್ಲ, ಮುಂದಿನ ತಿರುವಿನ ಮ್ಯಾಲ. ಕಲ್ಲು ನೋಡಿದ್ರ ಗಾಲಿ ಕಲ್ಲಿಗೇ ಹೋಗ್ತದಂತ.

ಆರನೇ ಸಲಕ್ಕ ಒಂದು ಫೋಟೋ ಸಿಕ್ತು. ಹಿಂದ ಗುಡ್ಡ ಎಲ್ಲ ಮಸುಕು, ಅಕಿ ಮುಖ ಮಾತ್ರ ಸ್ಪಷ್ಟ. ಬಾಯಿ ತೆರೆದದ, ಹಲ್ಲು ಕಾಣ್ತಾವ, ಹೆಲ್ಮೆಟ್ ಕೆಳಗ ಕೂದಲು ಹಾರ್ಯಾವ. ಮದುವಿ ಫೋಟೋದಾಗ, ಸೀರಿ ಉಟ್ಟ ಫೋಟೋದಾಗ ಅಕಿದು ಇಂಥ ಮುಖ ನಾ ನೋಡಿಲ್ಲ. ಅಲ್ಲೇ ಬಂಡಿ ಮ್ಯಾಲ ಕುಂತುಬಿಟ್ಟೆ. ಇಂಥ ಮುಖ ನಂದೂ ಒಂದು ಕಾಲಕ್ಕ ಇತ್ತಲ್ಲ ಅನಿಸ್ತು.

ಅಣ್ಣನ ಅಟ್ಲಾಸ್ ಸೈಕಲ್ಲಿನ ಡಂಡಿ ಒಳಗ ಕಾಲು ತೂರಿಸಿ ಕಲ್ತಾಕಿ ನಾನು. ಸುರಪುರದ ಇಳಿಜಾರಿನಾಗ ಪೆಡಲ್ ಬಿಟ್ಟು ಬರ್ತಿದ್ದೆ. ದೊಡ್ಡಕಿ ಆದ ಮರುವಾರ ಸೈಕಲ್ ಮುಟ್ಟಬ್ಯಾಡ ಅಂದ್ರು. ಯಾರೂ ಬೈಲಿಲ್ಲ, ಹೊಡೀಲಿಲ್ಲ. ಸುಮ್ಮ ಸೈಕಲ್ ಅಣ್ಣನ ಕೋಣಿಗೆ ಹೋಯ್ತು, ನಾ ಅಡಗಿಮನಿಗೆ ಹೋದೆ.

ಕೈಕಾಲು ಮುರೀತಾವ ಅಂತ ಅಂಜಿಕಿ ಅಂತೀವಿ. ಅಲ್ಲ ಬಿಡ್ರೆವಾ. ತಲಿ ಮ್ಯಾಲೊಂದು, ಬಗಲಾಗೊಂದು ಕೊಡ ಇಟ್ಕೊಂಡು ಪಾಚಿಗಟ್ಟಿದ ಮೆಟ್ಟಿಲು ಹತ್ತುವಾಗ ಯಾರೂ ಅಂಜಲಿಲ್ಲ. ಹತ್ತಿ ಬಿಡಿಸಾಕ ಹಾವು-ಚೇಳು ಇರೋ ಹೊಲಕ್ಕ ನಸುಕಿನಾಗ ಕಳಿಸುವಾಗ ಯಾರೂ ಅಂಜಲಿಲ್ಲ. ದುಡಿಮಿಗೆ ಬಿದ್ರ ಹಣೆಬರಹ, ಖುಷಿಗೆ ಬಿದ್ರ ಸೊಕ್ಕು! ನಾವು ಅಂಜೋದು ಎಲುಬಿಗಲ್ಲ, ಮಂದಿ ಬಾಯಿಗೆ.

2006-07ರಿಂದ ಸರ್ಕಾರ ಎಂಟನೇತ್ತೆ ಮಕ್ಕಳಿಗೆ ಸೈಕಲ್ ಕೊಡಾಕ ಶುರು ಮಾಡಿದಾಗ ನಮ್ಮ ಓಣಿ ಹುಡುಗ್ಯಾರು ಸಾಲುಗಟ್ಟಿ ಸಾಲಿಗೆ ಹೋಗ್ತಿದ್ರು. ಎಷ್ಟು ಛಂದ ಕಾಣ್ತಿತ್ತು! ಹತ್ತನೇತ್ತೆ ಮುಗಿದ್ ಮ್ಯಾಲ ಆ ಸೈಕಲ್ ಎಲ್ಲಿ ಹೋದ್ವು? ಅಪ್ಪ ಹುಲ್ಲು ತರಾಕ, ತಮ್ಮ ಅಡ್ಡಾಡಾಕ. ಅದೇ ವಿಜಯಪುರ, ಬಾಗಲಕೋಟಿ ಕಡಿ ಹೆಣ್ಮಕ್ಕಳು ಸೈಕಲ್ ಬಿಡದ ರಾಷ್ಟ್ರಮಟ್ಟದಾಗ ಪದಕ ತಂದಾರ. ಗದಗಿನ ಬಿಂಕದಕಟ್ಟಿ ಹತ್ರ ದೇಶದ ಮೌಂಟೇನ್ ಬೈಕ್ ಸ್ಪರ್ಧೆನೇ ನಡದದ. ದೂರದ ಮಾತಲ್ಲ ಇದು, ನಮ್ಮ ಉತ್ತರ ಕರ್ನಾಟಕದ್ದು.

ರಾತ್ರಿ ಹುಡುಗಿ ಮತ್ತೊಂದು ಕತಿ ಹೇಳಿದ್ಲು. 1976ರಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಅನ್ನೋ ಕಡಿ ಗೆಳ್ಯಾರೆಲ್ಲ ಕೂಡಿ ಗುಡ್ಡ ಇಳಿಯೋ ಪಂದ್ಯ ಶುರು ಮಾಡಿದ್ರಂತ. ಸೈಕಲ್ ಹಳೇವು, ಇಪ್ಪತ್ತು ಕಿಲೋಕ್ಕಿಂತ ಹೆಚ್ಚು ಭಾರ. ಇಳಿಯೋದ್ರಾಗ ಹಿಂದಿನ ಬ್ರೇಕ್ ಕಾಯ್ದು ಒಳಗಿನ ಗ್ರೀಸೆಲ್ಲ ಹೊಗಿ ಆಗ್ತಿತ್ತು, ಮತ್ತ ಹೊಸದು ತುಂಬಬೇಕು. ಅದಕ್ಕ ಆ ದಾರಿಗೆ ರೀಪ್ಯಾಕ್ ಅಂತ ಹೆಸರು. ಆ ದಿನಗಳ ಫೋಟೋ ನಮಗ ಉಳಿಸಿಕೊಟ್ಟಾಕಿ ವೆಂಡಿ ಕ್ರ್ಯಾಗ್ ಅನ್ನೋ ಹೆಣ್ಮಗಳು. ಬರೇ ಕ್ಯಾಮೆರಾ ಹಿಡ್ಕೊಂಡು ಬದೀಗೆ ನಿಲ್ಲಲಿಲ್ಲ, ಅಷ್ಟು ಗಂಡಸರ ನಡುವ ತಾನೂ ಅದೇ ದಾರಿ ಇಳದ್ಲು. ಅದನ್ನ ಕೇಳಿ ನಂಗ ನಿದ್ದಿ ಬರಲಿಲ್ಲ.

ಮರುದಿನ ವೈನಿ ಚೂಡಿದಾರ ಹಾಕ್ಕೊಂಡೆ, ಓಢಣಿ ಮನ್ಯಾಗ ಬಿಟ್ಟೆ. ತುದಿಯಿಂದಲ್ಲ, ಕಡೀ ಇಳಿಜಾರಷ್ಟೇ, ನಮ್ಮ ಓಣಿ ಉದ್ದಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ. ಹೆಲ್ಮೆಟ್ ಹಾಕಿದ್ಲು, ಮೊಣಕಾಲಿಗೆ ಪ್ಯಾಡ್ ಕಟ್ಟಿದ್ಲು. "ಮುಂದಿನ ಬ್ರೇಕ್ ಒಂದೇ ಗಪ್ಪನೆ ಹಿಡೀಬ್ಯಾಡ, ತಲಿಕೆಳಗಾಗ್ತಿ. ಎರಡೂ ಹಗೂರಕ ಹಿಡಿ" ಅಂದ್ಲು. ಮೊದಲು ಹೊಟ್ಟಿಯಾಗ ಕಲಸಿದಂಗಾಯ್ತು. ಆಮ್ಯಾಲ ಗಾಳಿ ಕಿವಿಯಾಗ ಹೊಕ್ತು ನೋಡ್ರಿ, ಮನಿ, ಸಾಲ, ಶುಗರ್ ಗುಳಿಗಿ, ಏನೂ ನೆನಪಿಲ್ಲ. ನೆನಪಿದ್ದದ್ದು ಮುಂದಿನ ತಿರುವು ಒಂದೇ. ಕೆಳಗ ಬಂದು ನಿಂತಾಗ ನಾ ಚೀರಿದ್ದು ನಂಗೇ ಕೇಳಿರಲಿಲ್ಲ, ಅಕಿ ಹೇಳಿದ್ಲು.

ನಾ ಹೇಳೋದು ಇಷ್ಟೇ. ನಿಮ್ಮ ಹುಡುಗ್ಯಾರಿಗೆ ಗುಡ್ಡ ಇಳಿಬ್ಯಾಡ ಅನ್ನಬ್ಯಾಡ್ರಿ. ಹೆಲ್ಮೆಟ್ ಇಲ್ದ ಇಳಿಬ್ಯಾಡ ಅನ್ರಿ. ದಾರಿ ನಡೆದು ನೋಡದ ಇಳಿಬ್ಯಾಡ, ಒಬ್ಬಾಕೆ ಹೋಗಬ್ಯಾಡ ಅನ್ರಿ. ಅಂಜಿಕಿ ತಡೀದಿದ್ರ ಫೋನ್ ಹಿಡ್ಕೊಂಡು ನೀವೂ ಜೋಡಿ ಹೋಗ್ರಿ. ಒಳ್ಳೆ ಫೋಟೋ ಬೇಕಂದ್ರ ಅಕಿ ದಾರಿ ನೀವೂ ಓದಬೇಕಾಗ್ತದ, ಓದಿದ್ರ ಅರ್ಧ ಅಂಜಿಕಿ ಹೋಗ್ತದ.

ನನ್ನ ಫೋಟೋ ಅವ್ವಗ ತೋರಿಸಿದೆ. "ಬಾಯಾಗ ನೊಣ ಹೊಕ್ಕಾವು, ಮುಚ್ಚು" ಅಂದ್ಲು. ಚಷ್ಮಾ ಹುಡುಕಿ ಹಾಕ್ಕೊಂಡು ಮತ್ತೊಮ್ಮೆ ನೋಡಿದ್ಲು. ಭಾಳ ಹೊತ್ತು ಫೋನ್ ತಿರುಗಿ ಕೊಡಲಿಲ್ಲ.